ಕರ್ನೂಲಿನ ಆಯುಧ ಶೋಧದಿಂದ ಶಸ್ತ್ರ ಕಾಯ್ದೆಯವರೆಗೆ: ‘ಸ್ವಾಧೀನ’ದ ಆರೋಪವೂ ಪ್ರತಿವಾದವೂ

ತುಂಗಭದ್ರೆಯ ದಕ್ಷಿಣಕ್ಕಿರುವ ಸಿ. ಬೆಳಗಲ್ ಇಂದು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಒಂದು ಮಂಡಲ ಕೇಂದ್ರ. ಅದರ ನೆರೆಯ ಪ್ರದೇಶಗಳು ಆಡಳಿತದ ಗಡಿಗಳನ್ನು ಹಲವು ಬಾರಿ ದಾಟಿವೆ. ಪತ್ತಿಕೊಂಡ ತಾಲ್ಲೂಕು 1858ರಲ್ಲಿ ಬಳ್ಳಾರಿಯಿಂದ ಕರ್ನೂಲಿಗೆ ಸೇರಿತು. ಆದೋನಿ ಮತ್ತು ಆಲೂರು 1953ರವರೆಗೂ ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದವು. ಆಯುಧವನ್ನು ಇಟ್ಟುಕೊಳ್ಳುವುದು ಯಾವಾಗ ಅಪರಾಧವಾಗುತ್ತದೆ ಎಂಬ ಪ್ರಶ್ನೆಗೆ ಈ ಸೀಮೆಯ ಚರಿತ್ರೆಯಲ್ಲಿ ಉತ್ತರ ಮತ್ತೆ ಮತ್ತೆ ಬದಲಾಗಿದೆ.

1800ರಲ್ಲಿ ನಿಜಾಮನು ಬಳ್ಳಾರಿ, ಕಡಪ ಭಾಗಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ಈ ದತ್ತ ಮಂಡಲಗಳ ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಇಲ್ಲಿ ಸುಮಾರು 80 ಪಾಳೆಯಗಾರರನ್ನೂ ಅವರ ಕೈಕೆಳಗಿನ ಸುಮಾರು 30,000 ಸಶಸ್ತ್ರ ಆಳುಗಳನ್ನೂ ಕಂಡನು. ಅವರ ಪಡೆಗಳನ್ನು ವಿಸರ್ಜಿಸುವುದು ಅವನ ಮೊದಲ ಕಾರ್ಯಗಳಲ್ಲೊಂದಾಯಿತು. ಅದು ರಾಜಕೀಯ ನಿರ್ಧಾರವಾಗಿತ್ತು, ನ್ಯಾಯಾಲಯದ ತೀರ್ಪಾಗಿರಲಿಲ್ಲ.

ಕಂಪನಿಗೆ ಕಪ್ಪ ಸಲ್ಲಿಸುತ್ತಿದ್ದ ಕರ್ನೂಲಿನ ನವಾಬ ಗುಲಾಮ್ ರಸೂಲ್ ಖಾನನ ಪ್ರಸಂಗ ಇನ್ನೂ ಸ್ಪಷ್ಟವಾದುದು. 1839ರಲ್ಲಿ ಕಂಪನಿಯ ಅಧಿಕಾರಿಗಳು ಕೋಟೆಯನ್ನು ಶೋಧಿಸಿದಾಗ ಬಚ್ಚಿಟ್ಟ ತೋಪುಗಳೂ ಮದ್ದುಗುಂಡುಗಳೂ ಅಪಾರ ಪ್ರಮಾಣದಲ್ಲಿ ದೊರೆತವು. ಅದೇ ಅಕ್ಟೋಬರ್ 18ರಂದು ಜೋರಾಪುರದಲ್ಲಿ ಕದನ ನಡೆದು ನವಾಬನು ಸೆರೆಯಾದನು. ಅವನನ್ನು ತಿರುಚಿನಾಪಳ್ಳಿಗೆ ಕಳುಹಿಸಲಾಯಿತು. ಮರುವರ್ಷ ಅಲ್ಲಿಯೇ ಕೊಲೆಯಾದನು. ರಾಜ್ಯ ಕಂಪನಿಯ ಪಾಲಾಯಿತು. ಆಯುಧಗಳ ರಾಶಿಯೇ ದುರುದ್ದೇಶದ ಸಾಕ್ಷ್ಯವೆಂದು ಸ್ವೀಕೃತವಾಯಿತು. ‘ಆಯುಧವಿತ್ತು’ ಎಂಬುದಕ್ಕೂ ‘ಅಪರಾಧ ಮಾಡಿದನು’ ಎಂಬುದಕ್ಕೂ ನಡುವೆ ವಾದಕ್ಕೆ ಎಡೆಯೇ ಉಳಿಯಲಿಲ್ಲ.

ಇದೇ ಧೋರಣೆ 1857ರಲ್ಲಿ ಶಾಸನದ ರೂಪ ತಳೆಯಿತು. ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯನ್ನು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಧಿಕ್ಕರಿಸಿದರು. ಅವರ ಪಾಲಿಗೆ ಆಯುಧವು ವೃತ್ತಿಯೂ ಮಾನವೂ ಆಗಿತ್ತು. ಊರಿನ ಮೇಲೆ ದಾಳಿ ನಡೆಯಿತು. ಸೆರೆಸಿಕ್ಕವರಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. 1878ರ ಶಸ್ತ್ರ ಕಾಯ್ದೆಯು ಪರವಾನಗಿಯ ವ್ಯವಸ್ಥೆಯನ್ನು ದೇಶಕ್ಕೆಲ್ಲ ವಿಸ್ತರಿಸಿತಾದರೂ ಯೂರೋಪಿಯನ್ನರಿಗೆ ವಿನಾಯಿತಿ ದೊರೆಯಿತು.

ಸ್ವತಂತ್ರ ಭಾರತದ 1959ರ ಶಸ್ತ್ರ ಕಾಯ್ದೆಯು ಈ ಭೇದವನ್ನು ಕೈಬಿಟ್ಟಿತು. ಅದರ 3ನೆಯ ಕಲಮು ಪರವಾನಗಿಯಿಲ್ಲದೆ ಬಂದೂಕನ್ನು ಹೊಂದುವುದನ್ನು ನಿಷೇಧಿಸುತ್ತದೆ. 9ನೆಯ ಕಲಮು ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕಾಗಿ ಕಾರಾಗೃಹವಾಸದ ಶಿಕ್ಷೆ ಪಡೆದವನಿಗೆ, ಶಿಕ್ಷೆ ಮುಗಿದ ಮೇಲೂ 5 ವರ್ಷಗಳ ಕಾಲ ಬಂದೂಕಿನ ಹಕ್ಕನ್ನು ನಿರಾಕರಿಸುತ್ತದೆ. ಹಿಂದಿನ ಶಿಕ್ಷೆಯೇ ಹೊಸ ಆರೋಪದ ಅಡಿಪಾಯವಾಗುವ ಇಂಥ ಮೊಕದ್ದಮೆಯಲ್ಲಿ ಪ್ರತಿವಾದವು ಮೊದಲು ಆ ಶಿಕ್ಷೆಯ ಸ್ವರೂಪವನ್ನೂ ಅವಧಿಯ ಲೆಕ್ಕವನ್ನೂ ಪ್ರಶ್ನಿಸಬಹುದು. 3ನೆಯ ಕಲಮಿನ ಆರೋಪವಾದರೆ, 39ನೆಯ ಕಲಮಿನಂತೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಇತ್ತೇ ಎಂದು ಕೇಳಬಹುದು.

ಆದರೆ ಪ್ರತಿವಾದದ ತಿರುಳಿರುವುದು ‘ಸ್ವಾಧೀನ’ ಎಂಬ ಪದದಲ್ಲಿ. 1972ರ ಗುಣವಂತಲಾಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ವಾಧೀನಕ್ಕೆ ಅರಿವು ಅವಶ್ಯವೆಂದಿತು. ವಸ್ತು ಕೈಯಲ್ಲಿ ಇಲ್ಲದಾಗ ಅದರ ಮೇಲೆ ಅಧಿಕಾರವೋ ಹತೋಟಿಯೋ ಇರಬೇಕೆಂದಿತು. ಹಲವರು ವಾಸಿಸುವ ಮನೆಯ ಅಟ್ಟದಲ್ಲಿ ಬಂದೂಕು ಸಿಕ್ಕಿದರೆ, ಅದು ಅಲ್ಲಿರುವುದು ಆರೋಪಿಗೆ ತಿಳಿದಿತ್ತೇ, ಅದನ್ನು ತೆಗೆದುಕೊಳ್ಳುವ ಹಿಡಿತ ಅವನಿಗಿತ್ತೇ ಎಂಬುದು ನಿರ್ಣಾಯಕವಾಗುತ್ತದೆ. ಕರ್ನೂಲಿನ ಶೋಧದ ಕಾಲದಲ್ಲಿ ಕೇಳದ ಪ್ರಶ್ನೆ ಇದೇ.

ಅರಿವಿನ ಪ್ರಶ್ನೆಯು ಭಾಷೆಯ ಪ್ರಶ್ನೆಯೂ ಹೌದು. ತೆಲುಗಿನಲ್ಲಿ ಬರೆದ ಪಂಚನಾಮೆಗೆ ಕನ್ನಡ ಮಾತ್ರ ಬಲ್ಲವನು ರುಜು ಹಾಕಿದರೆ, ತಾನು ಏನನ್ನು ಒಪ್ಪಿಕೊಂಡೆನೆಂಬುದೇ ಅವನಿಗೆ ತಿಳಿಯದಿರಬಹುದು. 1973ರ ದಂಡ ಪ್ರಕ್ರಿಯಾ ಸಂಹಿತೆಯ 279ನೆಯ ಕಲಮು, ಆರೋಪಿಗೆ ಅರ್ಥವಾಗದ ಭಾಷೆಯ ಸಾಕ್ಷ್ಯವನ್ನು ತೆರೆದ ನ್ಯಾಯಾಲಯದಲ್ಲಿ ಅವನ ಭಾಷೆಗೆ ಅನುವಾದಿಸಿ ಹೇಳಬೇಕೆಂದು ವಿಧಿಸಿತು. ಗಡಿ ಸೀಮೆಯ ಕನ್ನಡಿಗನಿಗೆ ಇದು ಔಪಚಾರಿಕ ಸೌಲಭ್ಯವಲ್ಲ. ‘ಅದು ಅಲ್ಲಿತ್ತೆಂದು ನನಗೆ ತಿಳಿದಿರಲಿಲ್ಲ’ ಎಂಬ ಒಂದು ವಾಕ್ಯದ ಮೇಲೆ ಬಿಡುಗಡೆಯೋ ಸೆರೆವಾಸವೋ ನಿಂತಿರುವಾಗ, ಆ ವಾಕ್ಯವನ್ನು ತನ್ನ ನುಡಿಯಲ್ಲಿ ಹೇಳುವ ಮತ್ತು ಎದುರಿನ ಸಾಕ್ಷ್ಯವನ್ನು ತನ್ನ ನುಡಿಯಲ್ಲಿ ಕೇಳುವ ಹಕ್ಕು ಪ್ರತಿವಾದದ ಮೊದಲ ಸಾಧನವಾಗುತ್ತದೆ.