ಲಿಟ್ಲ್ ಲೀಗ್‌ ಬೇಸ್‌ಬಾಲ್‌ಗೆ ಸರ್ಕಾರದ ಸನ್ನದು

ಸಂಘ ನೋಂದಾಯಿಸುವಾಗ ಬೈಲಾದ 'ಉದ್ದೇಶಗಳು' ಎಂಬ ಭಾಗವನ್ನು ನಾವು ಯಾವುದೋ ಹಳೆಯ ಪ್ರತಿ ನೋಡಿ ಬರೆದುಬಿಡುವುದೇ ಹೆಚ್ಚು. ಅಲ್ಲಿನ ಒಂದು ಪದದಿಂದ ಏನಾಗಬಹುದು ಎಂಬುದಕ್ಕೆ ಅಮೆರಿಕದ ಮಕ್ಕಳ ಬೇಸ್‌ಬಾಲ್ ಸಂಸ್ಥೆಯೊಂದರ ಕಥೆ ಇಲ್ಲಿದೆ.

1939ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಕಾರ್ಲ್ ಸ್ಟಾಟ್ಜ್ ಎಂಬವರು ಊರಿನ ಹುಡುಗರಿಗಾಗಿ ಲಿಟ್ಲ್ ಲೀಗ್ ಆರಂಭಿಸಿದರು. ಇದ್ದದ್ದು ಮೂರೇ ತಂಡಗಳು. ಖರ್ಚು ಕೊಟ್ಟವರು ಊರಿನ ಡೇರಿ, ಮರದ ವ್ಯಾಪಾರ ಮತ್ತು ತಿಂಡಿ ತಯಾರಿಕೆಯ ಕಂಪನಿಗಳು. ಜೂನ್ 6ರ ಮೊದಲ ಪಂದ್ಯದಲ್ಲಿ ಮರದ ಕಂಪನಿಯ ತಂಡ ಡೇರಿ ತಂಡವನ್ನು 23-8ರಿಂದ ಸೋಲಿಸಿತು. ಊರೂರಿಗೆ ಹಬ್ಬಿದ ಮೇಲೂ ತರಬೇತಿ, ಅಂಪೈರಿಂಗ್ ಎಲ್ಲ ನಡೆದದ್ದು ಸಂಬಳವಿಲ್ಲದ ಸ್ವಯಂಸೇವಕರಿಂದ, ಹೆಚ್ಚಾಗಿ ಮಕ್ಕಳ ತಂದೆ ತಾಯಿಯರಿಂದಲೇ.

1964ರ ಜುಲೈ 16ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾನೂನು ಈ ಸಂಸ್ಥೆಗೆ ಫೆಡರಲ್ ಸನ್ನದು ನೀಡಿತು. ಮಾನ್ಯತೆ ಎಂದ ಕೂಡಲೇ ಅನುದಾನ ಎಂದುಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಇಲ್ಲಿ ಸಿಕ್ಕಿದ್ದು ಹಣವಲ್ಲ, ಗೌರವ ಮತ್ತು ಹೆಸರಿನ ಮೇಲಿನ ಹಕ್ಕು. ಬದಲಿಗೆ ಷೇರು ನೀಡಬಾರದು, ರಾಜಕೀಯದಿಂದ ದೂರ ಇರಬೇಕು, ಸಂಸತ್ತಿಗೆ ವರದಿ ಒಪ್ಪಿಸಬೇಕು.

ಆದರೆ ಸನ್ನದಿನ ಉದ್ದೇಶಗಳಲ್ಲಿ 'ಹುಡುಗರು' ಎಂದು ಬರೆದಿತ್ತು. ಪೌರಪ್ರಜ್ಞೆ, ಕ್ರೀಡಾ ಮನೋಭಾವಗಳ ಜೊತೆಗೆ 'ಗಂಡಸುತನ' ಬೆಳೆಸುವ ಮಾತೂ ಇತ್ತು.

1972ರಲ್ಲಿ ನ್ಯೂಜೆರ್ಸಿಯ ಹೊಬೊಕೆನ್‌ನಲ್ಲಿ ಮರಿಯಾ ಪೆಪೆ ಎಂಬ ಬಾಲಕಿ ಮೂರು ಪಂದ್ಯ ಆಡಿದಳು. ಅವಳನ್ನು ಬಿಡದಿದ್ದರೆ ಊರಿನ ಲೀಗ್‌ನ ಮಾನ್ಯತೆ ರದ್ದು ಎಂದು ಕೇಂದ್ರ ಕಚೇರಿ ಎಚ್ಚರಿಸಿತು. ಅವಳು ತಂಡ ಬಿಡಬೇಕಾಯಿತು. ಮಹಿಳಾ ಸಂಘಟನೆಯೊಂದು ರಾಜ್ಯದ ನಾಗರಿಕ ಹಕ್ಕುಗಳ ಇಲಾಖೆಗೆ ದೂರು ಕೊಟ್ಟಿತು. ಸನ್ನದು ಇರುವುದೇ ಹುಡುಗರಿಗಾಗಿ ಎಂಬುದು ಸಂಸ್ಥೆಯ ವಾದಗಳಲ್ಲಿ ಒಂದು. ಹೆಣ್ಣುಮಕ್ಕಳ ಮೂಳೆ ಬಲವಿಲ್ಲದ್ದು ಎಂಬುದು ಇನ್ನೊಂದು! ವಿಚಾರಣಾಧಿಕಾರಿ ಸಿಲ್ವಿಯಾ ಪ್ರೆಸ್ಲರ್ 1973ರಲ್ಲಿ ಬಾಲಕಿಯರ ಪರ ತೀರ್ಪು ನೀಡಿದರು. 1974ರಲ್ಲಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಮೊದಲು ಸೋತದ್ದು ವಾದ, ಆಮೇಲೆ ಬದಲಾದದ್ದು ಸನ್ನದು. ಸಂಸತ್ತೇ ಕೊಟ್ಟದ್ದಾದ್ದರಿಂದ ಸಂಸತ್ತೇ ತಿದ್ದಬೇಕಿತ್ತು. 1974ರ ಡಿಸೆಂಬರ್ 26ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ತಿದ್ದುಪಡಿಗೆ ಸಹಿ ಹಾಕಿದರು. 'ಹುಡುಗರು' ಹೋಗಿ 'ಎಳೆಯರು' ಎಂಬ ಅರ್ಥದ ಪದ ಬಂತು, 'ಗಂಡಸುತನ' ಪೂರ್ತಿ ಬಿಟ್ಟುಹೋಯಿತು. ಅದೇ ವರ್ಷ ಬಾಲಕಿಯರಿಗೆ ಸಾಫ್ಟ್‌ಬಾಲ್ ವಿಭಾಗವೂ ಶುರುವಾಯಿತು.

ಮರಿಯಾಗೆ ಅಷ್ಟರಲ್ಲಿ ಲಿಟ್ಲ್ ಲೀಗ್ ಆಡುವ ವಯಸ್ಸು ಮೀರಿತ್ತು.