ಗಂಜಿಯಿಂದ ಬಿತ್ತನೆಯ ಬೀಜದವರೆಗೆ

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಮಹಾಕ್ಷಾಮವು ಧಾತು-ಈಶ್ವರ ಸಂವತ್ಸರಗಳ ಬರವೆಂದು ಜನಮನದಲ್ಲಿ ಉಳಿದಿದೆ. 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಸರಕಾರ ಗಂಜಿಕೇಂದ್ರಗಳನ್ನು ತೆರೆಯಿತು. ಕೂಲಿಯ ಕಾಮಗಾರಿಗಳನ್ನು ನಡೆಸಿತು. ಗಂಜಿ ಅನೇಕರ ಪ್ರಾಣವನ್ನು ಉಳಿಸಿತು, ನಿಜ. ಆದರೆ ಮಳೆ ಮರಳಿದ ದಿನ, ಎತ್ತನ್ನು ಮಾರಿಕೊಂಡು ಬಿತ್ತನೆಯ ಬೀಜವನ್ನೇ ಉಂಡು ಮುಗಿಸಿದ ರೈತನು ಏನನ್ನು ಹಿಡಿದು ಹೊಲಕ್ಕೆ ಹೋಗಬೇಕಿತ್ತು? ಅವನಿಗೆ ತೆರೆದಿದ್ದುದು ಬಹುಮಟ್ಟಿಗೆ ಸಾಹುಕಾರನ ಬಾಗಿಲು.

ಆ ಬಾಗಿಲಿನ ಕಥೆ ಆಗಲೇ ಬಯಲಾಗಿತ್ತು. ಬರಕ್ಕೆ ಒಂದು ವರ್ಷ ಮೊದಲು, 1875ರಲ್ಲಿ, ಪುಣೆ ಮತ್ತು ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟಿದ್ದರು. 1879ರಲ್ಲಿ ದಖನ್ ರೈತರ ಪರಿಹಾರ ಕಾಯಿದೆ ಬಂದಿತು. ಕಾಯಿದೆ ಸಾಹುಕಾರನ ಕೈಯನ್ನು ಕೊಂಚ ಬಿಗಿಯಿತು. ರೈತನ ಕೈಗೆ ಮಾತ್ರ ಬೀಜವನ್ನು ಕೊಡಲಿಲ್ಲ.

ಇದೇ ತೊಡಕನ್ನು ದೂರದ ಜರ್ಮನಿಯಲ್ಲಿ ಒಬ್ಬರು ಬಿಡಿಸಲೆತ್ನಿಸಿದ್ದರು. ವೈಯರ್‌ಬುಷ್ ಎಂಬ ಹಳ್ಳಿಯ ಮೇಯರ್ ಆಗಿದ್ದ ಫ್ರೀಡ್ರಿಷ್ ವಿಲ್‌ಹೆಲ್ಮ್ ರೈಫೈಸನ್ ಅವರು 1846-47ರ ಹಸಿವಿನ ಚಳಿಗಾಲದಲ್ಲಿ ಅನುಕೂಲಸ್ಥರಿಂದ ಹಣ ಕೂಡಿಸಿ ಬಡವರಿಗೆ ರೊಟ್ಟಿಯನ್ನು ಕಡವಾಗಿ ಒದಗಿಸಿದರು. ಮುಂದೆ ದನ ಕೊಳ್ಳಲು ನೆರವಾಗುವ ಸಂಘವನ್ನು ಕಟ್ಟಿದರು. ಈ ಸಂಘಗಳು ನಿಂತದ್ದು ಉಳ್ಳವರ ಕರುಣೆಯ ಮೇಲೆ; ಕರುಣೆ ಬಳಲಿದಾಗ ಸಂಘವೂ ಬಳಲಿತು. 1864ರಲ್ಲಿ ಹೆಡ್ಡೆಸ್‌ಡಾರ್ಫಿನಲ್ಲಿ ಅವರು ಕ್ರಮವನ್ನೇ ಬದಲಿಸಿದರು. ಸಾಲ ಪಡೆಯುವವನೇ ಸಂಘದ ಸದಸ್ಯ. ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. ಒಂಟಿ ರೈತನನ್ನು ನಂಬದ ಹಣವು ಇಡೀ ಊರನ್ನು ನಂಬಿತು.

ಮದರಾಸು ಸರಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಅವರು 1895 ಮತ್ತು 1897ರ ತಮ್ಮ ವರದಿಗಳಲ್ಲಿ ಈ ಮಾರ್ಗವನ್ನೇ ಎತ್ತಿಹಿಡಿದರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಹೊರಟಿತು. ಮರುವರ್ಷವೇ, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ದೇಶದ ಮೊತ್ತಮೊದಲ ಇಂಥ ಸಂಘಗಳ ಸಾಲಿನಲ್ಲಿ ಅದಕ್ಕೆ ಗೌರವದ ಸ್ಥಾನವಿದೆ. ಬರವನ್ನು ಕಂಡ ಸೀಮೆಯಲ್ಲಿಯೇ ಬರದ ಮದ್ದೂ ಮೊಳೆಯಿತೆಂಬುದು ಅರ್ಥಪೂರ್ಣವಾಗಿದೆ.

ಆದರೆ ಮೊಳೆತದ್ದೆಲ್ಲ ಮರವಾಗಲಿಲ್ಲ. ಸುಮಾರು ಅರ್ಧ ಶತಮಾನದ ಬಳಿಕ, 1951-52ರಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯು, ರೈತರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡಾ 3ರಷ್ಟು ಮಾತ್ರವೆಂದು ತೋರಿಸಿತು. ಭೂಮಿಯನ್ನೇ ಜಾಮೀನು ಕೇಳುವ ರೂಢಿ ಬಲಿತಲ್ಲಿ ಗೇಣಿದಾರನೂ ಕೂಲಿಯವನೂ ಹೊಸ್ತಿಲ ಹೊರಗೇ ಉಳಿದರು. ಪರಸ್ಪರ ಹೊಣೆಯ ಸಂಘವು ಉಳ್ಳವರ ಹಿಡಿತಕ್ಕೆ ಸಿಕ್ಕಿದಲ್ಲಿ, ಸಾಹುಕಾರನ ಬಾಗಿಲಿಗೆ ಬೇರೊಂದು ಫಲಕ ತೂಗುಹಾಕಿದಂತಾಯಿತು.

ಹಸಿದವನಿಗೆ ಅನ್ನ ನೀಡುವುದಕ್ಕೆ ತಡಮಾಡಲಾಗದು. ಅದು ಆ ಹೊತ್ತಿನ ಧರ್ಮ. ಆದರೆ ಗಂಜಿಯ ಲೆಕ್ಕ ಬಟ್ಟಲಿಗೆ ಮುಗಿಯುತ್ತದೆ. ಬೀಜದ ಲೆಕ್ಕ ಮುಂದಿನ ಸುಗ್ಗಿಯವರೆಗೆ ಸಾಗುತ್ತದೆ. ಸಣ್ಣ ಹಿಡುವಳಿಯವನು ತನ್ನ ಬೀಜವನ್ನು ಉಣ್ಣದೆ, ಎತ್ತನ್ನು ಮಾರದೆ ಒಂದು ಬರಗಾಲವನ್ನು ದಾಟಬಲ್ಲನೇ? ಹಳ್ಳಿಯ ಹಸಿವನ್ನು ನೀಗುವ ಯಾವ ಯೋಜನೆಯನ್ನಾದರೂ ಈ ಪ್ರಶ್ನೆಯ ಒರೆಗಲ್ಲಿಗೆ ಹಚ್ಚಿ ನೋಡಬೇಕು.