ಕೊಳೆಯೋದು ಬೇರೆ, ಉದುರೋದು ಬೇರೆ

ಜೀವಕೋಶಗಳ ಸಾವಿಗೆ ವೈದ್ಯರು ಬಹುಕಾಲ ಬಳಸಿದ ಪದ ‘ನೆಕ್ರೋಸಿಸ್’. ಗ್ರೀಕಿನಲ್ಲಿ ‘ನೆಕ್ರೋಸ್’ ಅಂದ್ರೆ ಹೆಣ. ರಕ್ತ ಸಿಗದೆ ಸಾಯುವ ಕೋಶ ಊದಿಕೊಂಡು ಒಡೆಯುತ್ತೆ, ಸುತ್ತ ಉರಿಯೂತ ಏಳುತ್ತೆ. ಹೀಗೆ ಸತ್ತು ಕಪ್ಪಾದ ಕಾಲಿಗೆ ಗ್ಯಾಂಗ್ರೀನ್ ಅಂತೀವಿ. ಇಂಗ್ಲಿಷಿನವರು ಹಿಂದೆ ಇದನ್ನೇ ‘ಮಾರ್ಟಿಫಿಕೇಶನ್’ ಅಂತಿದ್ರು. ಇವತ್ತು ಆ ಪದಕ್ಕೆ ತೀರಾ ಅವಮಾನ ಅಂತ ಅರ್ಥ. ನಾವೂ ‘ನಾಚಿಕೆಯಿಂದ ಸಾಯೋ ಹಾಗಾಯ್ತು’ ಅಂತೀವಲ್ಲ, ಹಾಗೆ.

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಜಾನ್ ಕೆರ್ ಸೂಕ್ಷ್ಮದರ್ಶಕದಡಿ ಇನ್ನೊಂದು ಬಗೆಯ ಸಾವು ಕಂಡರು. ಕೋಶ ಕುಗ್ಗಿ ಚೂರಾಗುತ್ತೆ, ಚೂರುಗಳನ್ನು ಅಕ್ಕಪಕ್ಕದ ಕೋಶಗಳೇ ನುಂಗಿಬಿಡುತ್ವೆ. ಉರಿಯೂತ ಇಲ್ಲ. ಮೊದಲು ಅವರು ಇದನ್ನೂ ನೆಕ್ರೋಸಿಸ್‌ನ ಒಂದು ಬಗೆ ಎಂದೇ ಕರೆದರು. ಡೇಟಾ ಜೊತೆ ಕೆಲಸ ಮಾಡೋರಿಗೆ ಗೊತ್ತು, ಎರಡಕ್ಕೂ ಒಂದೇ ಲೇಬಲ್ ಹಚ್ಚಿದ್ರೆ ವ್ಯತ್ಯಾಸ ಕಣ್ಣಿಗೇ ಬೀಳಲ್ಲ. 1972ರಲ್ಲಿ ಆಂಡ್ರ್ಯೂ ವೈಲಿ, ಅಲಾಸ್ಟೇರ್ ಕರೀ ಜೊತೆ ಬರೆದ ಪ್ರಬಂಧದಲ್ಲಿ ಹೊಸ ಹೆಸರು ಬಂತು: ‘ಅಪೊಪ್ಟೋಸಿಸ್’. ಸೂಚಿಸಿದವರು ಅಬರ್ಡೀನ್‌ನ ಗ್ರೀಕ್ ಪ್ರಾಧ್ಯಾಪಕ ಜೇಮ್ಸ್ ಕಾರ್ಮಕ್. ಅರ್ಥ, ಮರದ ಎಲೆ ಉದುರೋದು.

ಗರ್ಭದಲ್ಲಿ ನಮ್ಮ ಬೆರಳುಗಳು ಬಿಡಿಬಿಡಿಯಾಗೋದು ನಡುವಿನ ಕೋಶಗಳು ಹೀಗೆ ಉದುರೋದರಿಂದ. ಎಷ್ಟೋ ಕ್ಯಾನ್ಸರ್‌ಗಳಲ್ಲಿ ತೊಂದರೆಯೇ ಉದುರಬೇಕಾದ ಕೋಶ ಉದುರದೇ ಇರೋದು. ಇವತ್ತು ಕೆಲವು ಔಷಧಿಗಳ ಕೆಲಸ ಅದನ್ನು ಮತ್ತೆ ಉದುರಿಸೋದು.